ನಮ್ಮ ಪದ್ಮಿನಿ ಕಾರು ತಲೆಕೆಳಗಾಗಿದ್ದು ಏಕೆ?



ಕಳೆದ ತಿಂಗಳು ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಹಾಕಿದ್ದೆವು. ಸಂಘದ ಹಳೆಯ ಪದ್ಮಿನಿ ಕಾರು ಎರಡು ಕಬ್ಬಿಣದ ಸ್ಟ್ಯಾಂಡುಗಳ ನಡುವೆ ತಲೆಕೆಳಗಾಗಿ ನಿಂತಿರುವ ಫೋಟೋ ಅದು. ಆ ಸಂಜೆಯೇ ಸಾಲುಸಾಲು ಫೋನು ಬಂದವು. "ಎಲ್ಲಿ ಪಲ್ಟಿ ಆತರೀ?" ಎಂದು ಕೆಲವರು ಗಾಬರಿಯಾದರು. "ಗುಜರಿಗೆ ಹಾಕೂದಿದ್ರ ನಮಗೊಂದು ಮಾತು ಹೇಳಬೇಕಿತ್ತು" ಎಂದು ಹಿರಿಯರೊಬ್ಬರು ಸಿಟ್ಟಾದರು. ಕಾರು ಪಲ್ಟಿಯಾಗಿಲ್ಲ, ಗುಜರಿಗೂ ಹೋಗಿಲ್ಲ. ಅದರ ತಳದ ತುಕ್ಕು ತೆಗೆದು ಹೊಸ ತಗಡು ಹಾಕುವ ಕೆಲಸ ನಡೆದಿದೆ. ಆ ಕೆಲಸಕ್ಕೆ ಬಾಡಿಯನ್ನು ತಿರುಗುವ ಚೌಕಟ್ಟಿಗೆ ಏರಿಸಿದ್ದಾರೆ. ಗ್ಯಾರೇಜಿನವರು ಇದಕ್ಕೆ ರೋಟಿಸರಿ ಎನ್ನುತ್ತಾರೆ. ಕೋಳಿಯನ್ನು ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ತಿರುಗಿಸುವ ಸಾಧನಕ್ಕೆ ಇರುವ ಹೆಸರೇ ಇದಕ್ಕೂ ಬಂದಿದೆ.

ಕೆಲಸ ನಡೆದಿರುವುದು ಸದಸ್ಯರ ವಂತಿಗೆಯ ಹಣದಲ್ಲಿ. ಹಾಗಾಗಿ ಏನು ಮಾಡುತ್ತಿದ್ದಾರೆ, ಏಕೆ ಮಾಡುತ್ತಿದ್ದಾರೆ ಎಂಬುದನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯ. ನಡುವೆ ನಮ್ಮಿಂದ ಆದ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ಕಾರಿನ ಪೂರ್ವಾಪರ

ಹೊಸ ಸದಸ್ಯರಿಗಾಗಿ ಎರಡು ಮಾತು. ಈ ಕಾರು ನಮ್ಮ ಸಂಘದ ಮೊದಲ ಅಧ್ಯಕ್ಷರದು. 1975ರಲ್ಲಿ ನೋಂದಣಿಯಾದದ್ದು. ಮೊದಲ ಹನ್ನೊಂದು ವರ್ಷ ಅವರ ಅಣ್ಣನವರ ಬಳಿ ಮುಂಬಯಿಯಲ್ಲಿತ್ತು, ಆಮೇಲೆ ಸೊಲ್ಲಾಪುರಕ್ಕೆ ಬಂತು. ಅಕ್ಕಲಕೋಟೆ, ಜತ್ತ, ಮಂಗಳವೇಢೆ ಕಡೆಯ ಕನ್ನಡ ಶಾಲೆಗಳಿಗೆ ಪಠ್ಯಪುಸ್ತಕದ ಗಂಟುಗಳು ಹೋಗಿದ್ದು ಇದರ ಡಿಕ್ಕಿಯಲ್ಲಿ. ರೇಲ್ವೆ ಸ್ಟೇಷನ್ನಿಗೆ ಹೋಗಿ ಅತಿಥಿಗಳನ್ನು ಕರೆತಂದಿದ್ದೂ ಇದರಲ್ಲೇ. ಅಧ್ಯಕ್ಷರು ತೀರಿಕೊಂಡ ಮೇಲೆ ಹಲವು ವರ್ಷ ಅದು ಅವರ ಮನೆಯ ಶೆಡ್ಡಿನಲ್ಲಿ ನಿಂತೇ ಇತ್ತು. ಎರಡು ವರ್ಷದ ಹಿಂದೆ ಅವರ ಮಗಳು ಅಕ್ಕಾವರು ಕಾಗದಪತ್ರ ಸಮೇತ ಸಂಘಕ್ಕೆ ಒಪ್ಪಿಸಿದರು.

ಪದ್ಮಿನಿಗೂ ಸೊಲ್ಲಾಪುರಕ್ಕೂ ಇನ್ನೊಂದು ನಂಟಿದೆ. ಇದನ್ನು ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದವರು ವಾಲಚಂದ ಹಿರಾಚಂದರು. ನಮ್ಮೂರ ವಾಲಚಂದ ಕಾಲೇಜಿಗೆ ಇರುವುದು ಅವರದೇ ಹೆಸರು. 1882ರಲ್ಲಿ ಅವರು ಹುಟ್ಟಿದ್ದು ಇದೇ ಸೊಲ್ಲಾಪುರದಲ್ಲಿ. 1940ರಲ್ಲಿ ಮೈಸೂರು ಸರಕಾರದ ಜತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದವರೂ ಅವರೇ. ಇಂದಿನ ಎಚ್‌ಎಎಲ್‌ಗೆ ಅದೇ ಮೂಲ. ಇಟಲಿಯ ಫಿಯೆಟ್ ಕಂಪನಿಯ 1100 ಮಾದರಿಯನ್ನು ಮುಂಬಯಿಯ ಕುರ್ಲಾ ಕಾರ್ಖಾನೆಯಲ್ಲಿ ಕಟ್ಟುತ್ತಿದ್ದರು. ಈಗ ನಮಗೆ ಪರಿಚಿತವಾದ ಆಕಾರ ಬಂದಿದ್ದು 1964ರಲ್ಲಿ. ಪದ್ಮಿನಿ ಎಂಬ ಹೆಸರು ಬಂದಿದ್ದು 1974ರಲ್ಲಿ. 1089 ಸಿಸಿ ಇಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ಜನಕ್ಕೆ ಇದೇ ಕಾರು ನೆನಪಾಗುತ್ತಿತ್ತು. ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 2023ರ ಅಕ್ಟೋಬರಿನಲ್ಲಿ ಇಪ್ಪತ್ತು ವರ್ಷದ ವಯೋಮಿತಿ ಮುಗಿಯಿತು.

ತುಕ್ಕು ಎಲ್ಲಿತ್ತು?

ಹೊರಗಿನಿಂದ ನೋಡಿದರೆ ಕಾರು ಅಷ್ಟೇನೂ ಕೆಟ್ಟಿರಲಿಲ್ಲ. "ಬಣ್ಣ ಹೊಡಿಸಿದರ ಸಾಕು" ಎಂದು ನಮ್ಮಲ್ಲಿ ಹಲವರು ಹೇಳಿದ್ದರು. ಮಿಸ್ತ್ರಿಯವರು ಒಳಗಿನ ರಬ್ಬರ್ ಚಾಪೆ ಎತ್ತಿ, ಸ್ಕ್ರೂಡ್ರೈವರಿನಿಂದ ತಳವನ್ನು ಮೆಲ್ಲಗೆ ಒತ್ತಿದರು. ಅದು ಹಪ್ಪಳದಂತೆ ಮುರಿದು ನೆಲ ಕಂಡಿತು.

ಮುಂಬಯಿಯ ಉಪ್ಪುಗಾಳಿ, ಮಳೆನೀರು ಇದಕ್ಕೆ ಕಾರಣ. ನೀರು ಬಾಗಿಲ ಸಂದಿಯಿಂದ ಇಳಿದು, ಚಾಪೆಯ ಕೆಳಗೂ ಬಾಗಿಲಡಿಯ ಟೊಳ್ಳು ಪೆಟ್ಟಿಗೆಯೊಳಗೂ ನಿಲ್ಲುತ್ತದೆ. ಆ ಪೆಟ್ಟಿಗೆಗೆ ಗ್ಯಾರೇಜಿನಲ್ಲಿ ಸಿಲ್ ಎನ್ನುತ್ತಾರೆ, ನಾವು ಹೊಸ್ತಿಲು ಎನ್ನೋಣ. ನೀರು ಹೊರಹೋಗಲೆಂದು ಅದರಡಿ ಸಣ್ಣ ತೂತುಗಳಿರುತ್ತವೆ. ಕೆಸರು ಕಟ್ಟಿ ಅವು ಮುಚ್ಚಿಹೋದರೆ ತಗಡು ಒಳಗಿನಿಂದ ತಿನ್ನಿಸಿಕೊಳ್ಳುತ್ತಾ ಬರುತ್ತದೆ. ಹೊರಗೆ ಬಣ್ಣ ಉಬ್ಬಿ ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಸೊಲ್ಲಾಪುರದ ಒಣ ಹವೆಯಲ್ಲಿ ಈ ಕೆಲಸ ನಿಧಾನವಾಯಿತು, ಅಷ್ಟೇ.

ಹೊಸ್ತಿಲು ಹೋದರೆ ಹೋಗಲಿ ಎಂದು ಬಿಡುವಂತಿಲ್ಲ. ಲಾರಿಗೆ, ಹಳೆಯ ಜೀಪಿಗೆ ಅಡಿಯಲ್ಲಿ ಬೇರೆ ಚಾಸಿ ಇರುತ್ತದೆ. ಬಾಡಿ ಅದರ ಮೇಲೆ ಕೂತಿರುತ್ತದೆ. ಪದ್ಮಿನಿಗೆ ಹಾಗೆ ಬೇರೆ ಚಾಸಿ ಇಲ್ಲ. ತಳ, ಹೊಸ್ತಿಲು, ಕಂಬ, ಛಾವಣಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ಒಟ್ಟಾಗಿ ಭಾರ ಹೊರುತ್ತವೆ. ಮನೆಯ ಗೋಡೆಯೇ ತೊಲೆಯೂ ಆದಂತೆ. ಇದರಲ್ಲಿ ಅತಿ ಹೆಚ್ಚು ಭಾರ ಹೊರುವುದು ಎರಡು ಹೊಸ್ತಿಲುಗಳು. ಅವು ಹೋದ ಕಾರಿಗೆ ಎಷ್ಟು ಚೆಂದದ ಬಣ್ಣ ಹೊಡೆದರೂ ಅದು ರಸ್ತೆಗೆ ಯೋಗ್ಯವಲ್ಲ.

ತಿರುಗುವ ಚೌಕಟ್ಟು ಎಂದರೇನು?

ನಮ್ಮದು ಮಗ್ಗದ ಊರು. ಹಾಸಿನ ನೂಲು ಸುತ್ತಿದ ಬೀಮು ಎರಡು ತುದಿಯಲ್ಲಿ ಆಸರೆ ಪಡೆದು ನಡುವೆ ತಿರುಗುವುದನ್ನು ಎಲ್ಲರೂ ನೋಡಿದ್ದೇವೆ. ಇದೂ ಹಾಗೆಯೇ. ಕಾರಿನ ಮುಂದೊಂದು ಹಿಂದೊಂದು ಕಬ್ಬಿಣದ ಸ್ಟ್ಯಾಂಡು, ಅವಕ್ಕೆ ಗಾಲಿಗಳು. ಪ್ರತಿ ಸ್ಟ್ಯಾಂಡಿನ ತಲೆಯಲ್ಲಿ ತಿರುಗುವ ಒಂದು ದಪ್ಪ ಕೊಳವೆ, ಅದಕ್ಕೆ ಎರಡು ತೋಳು. ಬಂಪರನ್ನು ಬಿಚ್ಚಿ, ಅದರ ಬೋಲ್ಟು ಬರುವ ಗಟ್ಟಿ ಜಾಗಗಳಿಗೆ ಈ ತೋಳುಗಳನ್ನು ಬಿಗಿಯುತ್ತಾರೆ. ಎರಡೂ ಸ್ಟ್ಯಾಂಡು ದೂರ ಸರಿಯದಂತೆ ನೆಲದ ಮಟ್ಟದಲ್ಲಿ ಒಂದು ಉದ್ದನೆಯ ಪೈಪು ಅವನ್ನು ಜೋಡಿಸುತ್ತದೆ. ತಿರುಗಿಸಿದ ಮೇಲೆ ಬೇಕಾದ ಕೋನದಲ್ಲಿ ನಿಲ್ಲಿಸಲು ತೂತು ಮತ್ತು ದಪ್ಪ ಪಿನ್ನು ಇರುತ್ತವೆ.

ಇಷ್ಟೆಲ್ಲ ಏಕೆ ಬೇಕು? ಜಾಕ್ ಕೊಟ್ಟು ಎತ್ತಿ, ಕೆಳಗೆ ಮಲಗಿ ಕೆಲಸ ಮಾಡಬಹುದಲ್ಲ ಎಂದು ಸಭೆಯಲ್ಲೂ ಪ್ರಶ್ನೆ ಬಂದಿತ್ತು. ಮಾಡಬಹುದು, ಬಹಳ ಗ್ಯಾರೇಜುಗಳಲ್ಲಿ ಹಾಗೇ ಮಾಡುತ್ತಾರೆ. ಆದರೆ ಅಂಗಾತ ಮಲಗಿ ತಲೆಯ ಮೇಲೆ ವೆಲ್ಡಿಂಗ್ ಮಾಡುವಾಗ ಕಿಡಿ ಮುಖದ ಮೇಲೆ ಬೀಳುತ್ತದೆ, ಕರಗಿದ ಲೋಹ ಕೆಳಗೆ ಜೋತುಬೀಳುತ್ತದೆ, ಬೆಸುಗೆ ಸರಿಯಾಗಿ ಇಳಿದಿದೆಯೋ ಇಲ್ಲವೋ ಕಾಣುವುದಿಲ್ಲ. ಬಾಡಿಯನ್ನು ಮಗ್ಗುಲಿಗೆ ತಿರುಗಿಸಿದರೆ ಅದೇ ತಳ ಗೋಡೆಯಂತೆ ಎದುರಿಗೆ ನಿಲ್ಲುತ್ತದೆ. ಮಿಸ್ತ್ರಿ ನಿಂತುಕೊಂಡು, ಕಣ್ಣಿಗೆ ಕಾಣುವಂತೆ ಕೆಲಸ ಮಾಡುತ್ತಾರೆ. ಇಲ್ಲಿ ತಿರುಗುವುದು ಖಾಲಿ ಬಾಡಿ ಮಾತ್ರ. ಇಡೀ ಕಾರಿನ ತೂಕ ಸುಮಾರು 900 ಕೆ.ಜಿ. ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸೀಟು, ಗಾಜು, ಬಾಗಿಲು, ಪೆಟ್ರೋಲ್ ಟಾಕಿ, ವೈರಿಂಗ್ ಎಲ್ಲ ಬಿಚ್ಚಿದ ಮೇಲೆ ಅದರ ಬಹುಪಾಲು ಇಳಿದುಹೋಗಿರುತ್ತದೆ.

ನಮ್ಮ ತಪ್ಪು

ಈಗ ಹೇಳಲೇಬೇಕಾದ ಮಾತು. ಮೊದಲು ಕಾರನ್ನು ಒಪ್ಪಿಸಿದ್ದು ಈಗಿನ ಗ್ಯಾರೇಜಿಗಲ್ಲ. ಎರಡು ಕಡೆಯಿಂದ ಕೊಟೇಶನ್ ತರಿಸಿ, ಕಡಿಮೆ ಇದ್ದದ್ದಕ್ಕೆ ಸಹಿ ಹಾಕಿದೆವು. ಆಯುಷ್ಯವೆಲ್ಲ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವರಿಗೆ ಅದೇ ರೂಢಿ. ಆ ಕೊಟೇಶನ್ನಿನಲ್ಲಿ ಬಾಡಿಗೆ ಆಸರೆ ಪೈಪು ಬೆಸೆಯುವ ಬಾಬತ್ತೇ ಇರಲಿಲ್ಲ. ಅದು ಏಕಿಲ್ಲ ಎಂದು ನಾವೂ ಕೇಳಲಿಲ್ಲ.

ಅಲ್ಲಿ ಬಾಡಿಯನ್ನು ನೇರವಾಗಿ ಚೌಕಟ್ಟಿಗೆ ಏರಿಸಿ, ಎರಡೂ ಹೊಸ್ತಿಲುಗಳನ್ನು ಒಟ್ಟಿಗೆ ಕತ್ತರಿಸಿದರು. ಚೌಕಟ್ಟಿನ ಮೇಲೆ ಬಾಡಿಗೆ ಆಸರೆ ಇರುವುದು ಎರಡು ತುದಿಗಳಲ್ಲಿ ಮಾತ್ರ, ನಡುವೆ ಏನೂ ಇಲ್ಲ. ಎರಡು ಕಲ್ಲಿನ ಮೇಲಿಟ್ಟ ಹಲಗೆಯಂತೆ ನಡು ಜಗ್ಗಲು ನೋಡುತ್ತದೆ. ಹಾಗೆ ಜಗ್ಗದಂತೆ ಅಡಿಯಲ್ಲಿ ಹಿಡಿದಿಡುವುದೇ ಹೊಸ್ತಿಲು. ಅದನ್ನೇ ಕತ್ತರಿಸಿದಾಗ ನಡುಭಾಗ ಕೆಲವು ಮಿಲಿಮೀಟರ್ ಇಳಿಯಿತು. ಬಾಗಿಲ ಎರಡೂ ಬದಿಯ ಕಂಬಗಳು ಮೇಲ್ಗಡೆ ಒಂದರ ಕಡೆಗೊಂದು ವಾಲಿದವು. ಯಾರ ಕಣ್ಣಿಗೂ ಇದು ಕಾಣಲಿಲ್ಲ. ಆ ಸ್ಥಿತಿಯಲ್ಲೇ ಹೊಸ ಹೊಸ್ತಿಲು ಬೆಸೆದರು. ಬಾಡಿಯನ್ನು ಕೆಳಗಿಳಿಸಿ ಎಡಗಡೆಯ ಬಾಗಿಲು ಕೂರಿಸಿದಾಗ ಅದು ಮೇಲೆ ಕಂಬಕ್ಕೆ ತಾಗುತ್ತಿತ್ತು, ಕೆಳಗೆ ಕಿರುಬೆರಳು ತೂರುವಷ್ಟು ಸಂದಿ. "ಬಾಗಿಲನ್ನ ಸ್ವಲ್ಪ ಬಡಿದು ಕೂರಿಸೋಣ" ಎಂದರು. ಆಗ ನಮಗೆ ಸಂಶಯ ಬಂದು ಕೆಲಸ ನಿಲ್ಲಿಸಿದೆವು.

ಈಗಿನ ಮಿಸ್ತ್ರಿಯವರು ಬಂದು ನೋಡಿ ಬಾಗಿಲನ್ನು ಮುಟ್ಟಲೂ ಇಲ್ಲ. ಬಾಗಿಲಿನ ಚೌಕಕ್ಕೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದರು. ಪಂಢರಪುರದ ಸದಸ್ಯರೊಬ್ಬರ ಮನೆಯಲ್ಲಿ ಸುಸ್ಥಿತಿಯ ಪದ್ಮಿನಿ ಇದೆ. ಅದರ ಅಳತೆಯನ್ನೂ ತರಿಸಿ ಎರಡನ್ನೂ ಹೋಲಿಸಿದರು. ಆಮೇಲೆ ಹೇಳಿದರು: "ಸೆಕ್ರೆಟರಿ ಸಾಹೇಬ್ರ, ಬಾಡಿ ತಿರುವೂದು ದೊಡ್ಡ ಕೆಲಸ ಅಲ್ರೀ. ತಿರುವಿ ಇಳಿಸಿದ ಮ್ಯಾಲ ಅದು ಮೊದಲಿದ್ದಂಗ ಇರಬೇಕು, ಅದು ಕೆಲಸ."

ಬಾಡಿಯನ್ನು ಸಮತಟ್ಟು ನೆಲದಲ್ಲಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಒಂದು ಬದಿಯ ಹೊಸ ಬೆಸುಗೆ ಬಿಡಿಸಿ, ನಡುವೆ ಮರದ ತುಂಡಿಟ್ಟು ಜಾಕಿನಿಂದ ಕೂದಲೆಳೆಯಷ್ಟೇ ಎತ್ತುತ್ತಾ, ಪ್ರತಿ ಸಲ ಬಾಗಿಲು ಕೂರಿಸಿ ನೋಡುತ್ತಾ ಸರಿಪಡಿಸಿದರು. ಆಮೇಲೆ ಇನ್ನೊಂದು ಬದಿ. ಹನ್ನೆರಡು ದಿನ ಹಿಡಿಯಿತು. ಎರಡನೇ ಸಲ ತೆತ್ತ ಈ ಕೂಲಿಯನ್ನು ವಂತಿಗೆಯ ಖಾತೆಯಿಂದ ತೆಗೆದಿಲ್ಲ. ಪದಾಧಿಕಾರಿಗಳು ಹಂಚಿಕೊಂಡು ಕೊಟ್ಟಿದ್ದೇವೆ. ಜಮಾ-ಖರ್ಚಿನ ಪ್ರತಿ ಕಾರ್ಯಾಲಯದ ಫಲಕದ ಮೇಲಿದೆ.

ಸರಿಯಾದ ಕ್ರಮ

ಮನೆಯಲ್ಲಿ ಹಳೆಯ ಕಾರು ಇಟ್ಟುಕೊಂಡ ಸದಸ್ಯರು ಕೆಲವರಿದ್ದಾರೆ. ನಮ್ಮ ಪಾಡು ಅವರಿಗೆ ಬರಬಾರದೆಂದು, ಮಿಸ್ತ್ರಿಯವರಿಂದ ಕೇಳಿ ತಿಳಿದ ಕ್ರಮವನ್ನು ಬರೆದಿಡುತ್ತಿದ್ದೇವೆ.

1. ಬಿಚ್ಚುವ ಮೊದಲು ಅಳತೆ. ಬಾಗಿಲು, ಬಾನೆಟ್, ಡಿಕ್ಕಿಯ ಸುತ್ತಲಿನ ಸಂದಿಗಳನ್ನು ಮಿಲಿಮೀಟರಿನಲ್ಲಿ ಬರೆದಿಡಬೇಕು, ಫೋಟೋ ತೆಗೆದಿಡಬೇಕು. ಬಿಚ್ಚಿದ ನಟ್ಟು-ಬೋಲ್ಟುಗಳನ್ನು ಬೇರೆ ಬೇರೆ ಚೀಲದಲ್ಲಿ ಹಾಕಿ ಚೀಟಿ ಅಂಟಿಸಬೇಕು.

2. ಕತ್ತರಿಸುವ ಮೊದಲು ಆಸರೆ. ಬಾಡಿ ರಸಮಟ್ಟಕ್ಕೆ ಸರಿಯಾಗಿ ಕೂತಿರುವಾಗಲೇ, ಬಾಗಿಲುಗಳು ಸರಿಯಾಗಿ ಮುಚ್ಚುತ್ತಿರುವಾಗಲೇ, ಒಳಗಡೆ ಚೌಕ ಪೈಪುಗಳನ್ನು ಬೆಸೆಯಬೇಕು. ಪ್ರತಿ ಬಾಗಿಲ ಜಾಗಕ್ಕೆ ಕಂಬದಿಂದ ಕಂಬಕ್ಕೆ ಒಂದು ಅಡ್ಡ, ಒಂದು ಓರೆ. ಎಡಗಂಬದಿಂದ ಬಲಗಂಬಕ್ಕೆ ಒಂದು. ಕೆಲಸ ಮುಗಿದ ಮೇಲೆ ಇವನ್ನು ಕತ್ತರಿಸಿ ತೆಗೆಯುತ್ತಾರೆ.

3. ಹೊಸ್ತಿಲು ಒಂದಾದ ಮೇಲೆ ಒಂದು. ಎರಡನ್ನೂ ಒಟ್ಟಿಗೆ ಕತ್ತರಿಸಲೇಬಾರದು. ಹೊಸ್ತಿಲಿನ ಕೆಲಸ ನೆಲದ ಮೇಲೆ, ಬಾಡಿಗೆ ಅಡಿಯಿಂದ ಆಸರೆ ಇರುವಾಗ ಆಗಬೇಕು. ಅದು ಮುಗಿದ ಮೇಲೆಯೇ ಚೌಕಟ್ಟಿಗೆ ಏರಿಸಬೇಕು. ತೋಳು ಬಿಗಿಯುವ ಜಾಗದಲ್ಲಿ ತುಕ್ಕಿದ್ದರೆ ಅದನ್ನೂ ಮೊದಲೇ ಸರಿಪಡಿಸಬೇಕು, ಇಡೀ ಬಾಡಿ ನಿಲ್ಲುವುದು ಅದರ ಮೇಲೆ.

4. ಎತ್ತರದ ಲೆಕ್ಕ. ಪದ್ಮಿನಿಯ ಅಗಲ ಸುಮಾರು 1.46 ಮೀಟರ್. ಚಕ್ರ ಬಿಚ್ಚಿದ ಬಾಡಿಯ ಎತ್ತರ 1.2 ಮೀಟರ್ ಎಂದಿಟ್ಟುಕೊಂಡರೆ ಮೂಲೆಯಿಂದ ಮೂಲೆಗೆ ಹತ್ತಿರ ಹತ್ತಿರ 1.9 ಮೀಟರ್. ತಿರುಗುವಾಗ ಮೂಲೆ ನೆಲಕ್ಕೆ ತಾಗಬಾರದೆಂದರೆ ತಿರುಗುವ ಕೊಳವೆ ನೆಲದಿಂದ ಒಂದು ಮೀಟರಿಗಿಂತ ಮೇಲಿರಬೇಕು.

5. ಸಮತೋಲ. ಕೊಳವೆಯ ಮಟ್ಟ ಬಾಡಿಯ ಭಾರದ ನಡುವಿಗೆ ಸರಿಯಾಗಿ ಬರಬೇಕು. ಇದನ್ನು ಕೈಯಿಂದಲೇ ಪರೀಕ್ಷಿಸುತ್ತಾರೆ. ಇಬ್ಬರು ಹಿಡಿದು ಬಾಡಿಯನ್ನು ಸ್ವಲ್ಪವೇ ವಾಲಿಸುತ್ತಾರೆ. ಬಿಟ್ಟ ಕೂಡಲೇ ಅದು ತೊಟ್ಟಿಲಿನಂತೆ ಹಿಂದಕ್ಕೆ ಬಂದರೆ ಕೊಳವೆ ಭಾರದ ನಡುವಿಗಿಂತ ಮೇಲಿದೆ ಎಂದರ್ಥ. ತಾನಾಗಿ ಮತ್ತಷ್ಟು ವಾಲಿ ಛಾವಣಿ ಕೆಳಗೆ ಹೋಗಲು ನೋಡಿದರೆ ಕೊಳವೆ ಕೆಳಗಿದೆ, ಇದು ಅಪಾಯ. ತೋಳನ್ನು ಏರಿಸಿ ಇಳಿಸಿ ಹೊಂದಿಸುತ್ತಾ ಹೋದರೆ, ಕೊನೆಗೆ ಬಿಟ್ಟಲ್ಲೇ ನಿಲ್ಲುತ್ತದೆ. ಸರಿಯಾಗಿ ಹೊಂದಿದರೆ ಒಬ್ಬ ಹುಡುಗ ಒಂದೇ ಕೈಯಲ್ಲಿ ತಿರುಗಿಸಬಹುದು. ನಾವೂ ತಿರುಗಿಸಿ ನೋಡಿದೆವು.

6. ಎಚ್ಚರ. ತಿರುಗಿಸುವಾಗ ಯಾರೂ ಅಡಿಯಲ್ಲಿ ಇರಕೂಡದು. ನಿಲ್ಲಿಸಿದ ಕೂಡಲೇ ಪಿನ್ನು ಹಾಕಬೇಕು, ಗಾಲಿಗಳಿಗೆ ತಡೆ ಕೊಡಬೇಕು. ಪೆಟ್ರೋಲ್ ಟಾಕಿ ಆ ಕೋಣೆಯಲ್ಲೇ ಇರಬಾರದು. ಬೆಂಕಿ ಆರಿಸುವ ಸಿಲಿಂಡರು ಕೈಗೆ ಸಿಗುವಂತಿರಬೇಕು.

ತಿರುಗಿಸಿದ ಮೇಲೆ ಏನೇನು ಕೆಲಸ?

ಮೊದಲು ತಳಕ್ಕೆ ಮೆತ್ತಿದ್ದ ಹಳೆಯ ಡಾಂಬರು ಲೇಪನವನ್ನು ಕೆರೆದು ತೆಗೆದರು. ಆಗ ಹಳೆಯ ತೇಪೆಗಳೆಲ್ಲ ಬಯಲಾದವು. ಎಲ್ಲೋ ಯಾವಾಗಲೋ ಒಂದು ಎಣ್ಣೆ ಡಬ್ಬದ ತಗಡನ್ನೂ ಹಾಕಿದ್ದರು! ಕೊಳೆತ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ಆಕಾರದ ಹೊಸ ತಗಡು ಬೆಸೆದರು. ಬೆಸುಗೆಯನ್ನು ಒಂದೇ ಉದ್ದಕ್ಕೆ ಎಳೆಯುವುದಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಿದ ಮೇಲೆ ನಡುವೆ ಇನ್ನೊಂದು. ಒಂದೇ ಕಡೆ ಕಾವು ಹೆಚ್ಚಾದರೆ ತೆಳು ತಗಡು ಸೊಟ್ಟಗಾಗುತ್ತದೆ.

ಆಮೇಲೆ ಗಾಳಿಯ ಒತ್ತಡದಲ್ಲಿ ಹರಳು ಸಿಡಿಸಿ ಉಳಿದ ತುಕ್ಕು ತೆಗೆದರು. ಇದಕ್ಕೆ ಹೊಳೆಯ ಮರಳು ಬಳಸಬಾರದು. ಅದರ ಧೂಳು ಕೆಲಸಗಾರರ ಪುಪ್ಪುಸಕ್ಕೆ ಸೇರಿ ವಾಸಿಯಾಗದ ಸಿಲಿಕೋಸಿಸ್ ರೋಗ ತರುತ್ತದೆ. ನಮ್ಮಲ್ಲಿ ಗಾರ್ನೆಟ್ ಹರಳು ಬಳಸಿದ್ದಾರೆ, ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿಕೊಂಡೇ ಮಾಡಿದ್ದಾರೆ. ಈ ಹರಳು ಟೊಳ್ಳು ಪೆಟ್ಟಿಗೆಗಳೊಳಗೆ ಸೇರಿಕೊಂಡರೆ ಮತ್ತೆ ತೇವ ಹಿಡಿಯುತ್ತದೆ. ಚೌಕಟ್ಟಿನ ಮೇಲಿದ್ದುದರಿಂದ ಬಾಡಿಯನ್ನು ಮೊರದಂತೆ ಆ ಕಡೆ ಈ ಕಡೆ ವಾಲಿಸಿ ಎಲ್ಲವನ್ನೂ ಹೊರಗೆ ಸುರಿದರು.

ಬರಿ ಲೋಹ ಬಯಲಾದ ದಿನವೇ ಎಪಾಕ್ಸಿ ಪ್ರೈಮರ್ ಹೊಡೆದರು. ಒಂದು ರಾತ್ರಿಯ ತೇವ ಸಾಕು, ತುಕ್ಕು ಮತ್ತೆ ಶುರುವಾಗುತ್ತದೆ. ಈಗ ತಗಡಿನ ಜೋಡಣೆಯ ಸಂದಿಗಳಿಗೆ ಸೀಲರ್ ತುಂಬುತ್ತಿದ್ದಾರೆ. ಮುಂದೆ ತಳದ ಲೇಪನ, ಬಣ್ಣ. ಎಲ್ಲ ಮುಗಿದ ಮೇಲೆ ಹೊಸ್ತಿಲುಗಳೊಳಗೆ ಮೇಣ ಸಿಂಪಡಿಸಿ, ಬಾಡಿಯನ್ನು ನಿಧಾನಕ್ಕೆ ತಿರುಗಿಸುತ್ತಾರೆ. ಮೇಣ ಮೂಲೆಮೂಲೆಗೂ ಹರಿಯುತ್ತದೆ. ನೀರು ಹೋಗುವ ತೂತುಗಳನ್ನು ಈ ಸಲ ಮುಚ್ಚಗೊಡುವುದಿಲ್ಲ.

ಸಭೆ ತೀರ್ಮಾನಿಸಬೇಕಾದ ವಿಷಯ

ಕಾರಿಗೆ ಐವತ್ತು ವರ್ಷ ದಾಟಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದ ಪ್ರಕಾರ ಇಂಥ ಕಾರನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ನೋಂದಣಿ ಶುಲ್ಕ ರೂ. 20,000, ಅವಧಿ ಹತ್ತು ವರ್ಷ, ನಂಬರಿನಲ್ಲಿ ರಾಜ್ಯದ ಅಕ್ಷರಗಳ ಮುಂದೆ ವಿಎ ಎಂದು ಬರುತ್ತದೆ. ಬಾಡಿ, ಚಾಸಿ, ಇಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಮಾಡಿರಬಾರದು ಎಂಬ ಷರತ್ತಿದೆ. ಅದಕ್ಕಾಗಿಯೇ ಮೂಲ ಆಕಾರದಲ್ಲೇ ತಗಡು ಹಾಕಿಸಿದ್ದೇವೆ. ಕೊರೆದ ಚಾಸಿ ನಂಬರಿನ ಹತ್ತಿರ ಗ್ರೈಂಡರ್ ಒಯ್ಯಬಾರದೆಂದು ಬರೆದುಕೊಟ್ಟಿದ್ದೇವೆ.

ಆದರೆ ವಿಂಟೇಜ್ ನೋಂದಣಿಯಾದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಪುಸ್ತಕದ ಗಂಟು ಹೊತ್ತು ಅಕ್ಕಲಕೋಟೆಗೆ ಹೋಗುವ ಕಾರಾಗಿ ಅದು ಉಳಿಯುವುದಿಲ್ಲ. ಸಾಮಾನ್ಯ ನೋಂದಣಿಯಲ್ಲೇ ಮುಂದುವರಿಸಿದರೆ ಆ ಕೆಲಸಕ್ಕೆ ಬಳಸಬಹುದು. ಆಗ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು, ರಸ್ತೆಯ ಸವೆತವನ್ನೂ ತಡೆದುಕೊಳ್ಳಬೇಕು.

ವಾರ್ಷಿಕ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು, "ಕಾರಿಗೆ ರೊಕ್ಕ ಐತಿ, ಶಾಲಿಗೆ ಪುಸ್ತಕ ಕೊಡೂದಕ್ಕ ಇಲ್ಲೇನು?" ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಪುಸ್ತಕ ನಿಧಿಯಿಂದ ಒಂದು ರೂಪಾಯಿಯನ್ನೂ ಈ ಕೆಲಸಕ್ಕೆ ತೆಗೆದಿಲ್ಲ. ಆದರೂ ಅವರ ಮಾತು ನಮ್ಮ ಮನಸ್ಸಿನಲ್ಲಿದೆ. ಆ ಕಾರನ್ನು ಅಧ್ಯಕ್ಷರು ಓಡಿಸಿದ್ದೇ ಪುಸ್ತಕ ಮುಟ್ಟಿಸಲು. ಅದನ್ನು ನೋಡಲು ಇಟ್ಟುಕೊಳ್ಳಬೇಕೋ, ಓಡಿಸಬೇಕೋ ಎಂಬುದನ್ನು ಸದಸ್ಯರೇ ಹೇಳಬೇಕು. ಅಕ್ಕಾವರನ್ನೂ ಕೇಳಿದೆವು. "ನೀವೆಲ್ಲ ಕೂಡಿ ಏನ ಠರಾಯಿಸ್ತೀರಿ ನನಗ ಒಪ್ಪಿಗಿ" ಎಂದಿದ್ದಾರೆ.

ಕಾರ್ಯಕ್ರಮ

ಮುಂದಿನ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ 10 ಗಂಟೆಗೆ ಸದಸ್ಯರು ಗ್ಯಾರೇಜಿಗೆ ಬಂದು ಕಾರು ನೋಡಬಹುದು. ಎಲ್ಲರೂ ಸಂಘದ ಕಾರ್ಯಾಲಯದಲ್ಲಿ 9.30ಕ್ಕೆ ಸೇರಿ ಒಟ್ಟಿಗೆ ಹೋಗೋಣ. ಒಮ್ಮೆಗೆ ಹತ್ತು ಜನ ಮಾತ್ರ ಒಳಗೆ. ಮಕ್ಕಳನ್ನು ಕೈಹಿಡಿದು ಕರೆತರಬೇಕು, ಚಪ್ಪಲಿ ಬದಲು ಬೂಟು ಹಾಕಿಕೊಂಡು ಬಂದರೆ ಒಳ್ಳೆಯದು. ಮಿಸ್ತ್ರಿಯವರು ಬಾಡಿಯನ್ನು ತಿರುಗಿಸಿ ತೋರಿಸುತ್ತಾರೆ. ಅಂದೇ ಸಂಜೆ 5 ಗಂಟೆಗೆ ಕಾರ್ಯಾಲಯದಲ್ಲಿ ವಿಶೇಷ ಸಭೆ. ನೋಂದಣಿಯ ಬಗ್ಗೆ ಠರಾವು ಅಲ್ಲಿ ಆಗುತ್ತದೆ. ಬರಲಾಗದವರು ತಮ್ಮ ಅಭಿಪ್ರಾಯ ಬರೆದು ಕಳಿಸಬಹುದು.

ಒಂದು ವಿನಂತಿ. ಎಡಗಡೆಯ ಹಿಂಬಾಗಿಲಿನ ಮೂಲ ಹಿಡಿಕೆ ಮತ್ತು ಹಿಂದಿನ ದೀಪದ ಒಂದು ಗಾಜು ನಮಗೆ ಸಿಕ್ಕಿಲ್ಲ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಫಿಯೆಟ್ಟಿನ ಸಾಮಾನಿದ್ದರೆ ದಯವಿಟ್ಟು ತಿಳಿಸಿರಿ. ಕೊಟ್ಟವರ ಹೆಸರಿನಲ್ಲಿ ರಸೀದಿ ಕೊಡಲಾಗುವುದು.

ಕಾರ್ಯದರ್ಶಿ